ಜರಡಿಯಣ್ಣನ ಮೂವತ್ತೆಂಟು ನಿಮಿಷ

ಆಫೀಸಿನಲ್ಲಿ ಎಲ್ಲರೂ ಅವರನ್ನು ಜರಡಿ ಅಂತಲೇ ಕರೆಯುತ್ತಿದ್ದರು. ನಾನು ಅವರಿಗಿಂತ ಒಂಬತ್ತು ವರ್ಷ ಚಿಕ್ಕವಳಾದ್ದರಿಂದ ಕೊನೆಗೊಂದು ಅಣ್ಣ ಸೇರಿಸಿ ಜರಡಿಯಣ್ಣ ಎನ್ನುತ್ತಿದ್ದೆ. ಹೆಸರು ಇಟ್ಟವಳೂ ನಾನೇ. ಬೇಕಾದ್ದನ್ನು ಉಳಿಸಿಕೊಂಡು ಬೇಡದ್ದನ್ನು ಉದುರಿಸುವುದು ಅವರ ಕೆಲಸ, ಅದನ್ನು ಅವರಷ್ಟು ಚೆನ್ನಾಗಿ ಮಾಡಿದವರನ್ನು ನಾನಂತೂ ನೋಡಿಲ್ಲ. ಅದರಿಂದಲೇ ಹಾಳಾದರು ಎಂದು ಜನ ಹೇಳುತ್ತಾರೆ. ಜನಕ್ಕೆ ಅರ್ಧ ಗೊತ್ತು. ಉಳಿದರ್ಧ ನನಗೆ ಗೊತ್ತು, ಅದನ್ನು ಇಲ್ಲಿಯವರೆಗೆ ಯಾರ ಮುಂದೆಯೂ ಬಾಯಿಬಿಟ್ಟಿಲ್ಲ.

ನಮ್ಮದು ಕಾವಲು ಕಾಯುವ ಕೆಲಸ. ಆಸ್ಪತ್ರೆ, ಗೋದಾಮು, ಕ್ಲಿನಿಕ್ಕು, ಕಚೇರಿಗಳಲ್ಲಿ ಕಂಪ್ಯೂಟರು ಫೋನುಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆಗಳಿರುತ್ತವೆ. ಯಾವುದೋ ಮೂಲೆಯಲ್ಲಿ ಧೂಳು ತಿನ್ನುತ್ತಾ, ಹಸಿರು ದೀಪ ಮಿಟುಕಿಸುತ್ತಾ ಕೂತಿರುತ್ತವೆ. ಕೆಟ್ಟಾಗ ಮಾತ್ರ ಜನಕ್ಕೆ ಅವುಗಳ ನೆನಪು. ಅಂಥ ಆರುನೂರು ಪೆಟ್ಟಿಗೆಗಳು ಜೀವಂತವಾಗಿವೆಯೇ ಎಂದು ಎರಡನೇ ಮಹಡಿಯ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ನೋಡುತ್ತಿದ್ದೆವು. ಯಾವುದಾದರೂ ಪೆಟ್ಟಿಗೆ ಓಗೊಡದಿದ್ದರೆ ಗೋಡೆಯ ಪರದೆಯ ಮೇಲೆ ಕೆಂಪು ಸಾಲೊಂದು ಮೂಡಿ ಟಿಣ್ ಎಂದು ಸದ್ದಾಗುತ್ತಿತ್ತು. ಅದಕ್ಕೆ ಅಲರ್ಟ್ ಎನ್ನುತ್ತೇವೆ.

ಜರಡಿಯಣ್ಣ ಬರುವ ಮುಂಚೆ ದಿನಕ್ಕೆ ಎಂಟು ಸಾವಿರ ಟಿಣ್ ಬರುತ್ತಿದ್ದವು. ಬಾಯಿಗೆ ಬಂದ ಲೆಕ್ಕವಲ್ಲ, ಎಣಿಸಿದ್ದೇವೆ. ಒಂದು ಕಟ್ಟಡದ ಮುಖ್ಯ ಪೆಟ್ಟಿಗೆ ಕೆಟ್ಟರೆ ಅದಕ್ಕೆ ಜೋಡಿಸಿದ ಎಪ್ಪತ್ತು ಪೆಟ್ಟಿಗೆಗಳೂ ನಾನೂ ಹೋದೆ, ನಾನೂ ಹೋದೆ ಎಂದು ಬಾಯಿ ಬಡಿದುಕೊಳ್ಳುತ್ತಿದ್ದವು. ಎಲ್ಲೋ ಒಂದು ತಂತಿ ಸಡಿಲವಾದರೆ ಹೋದೆ ಬಂದೆ, ಹೋದೆ ಬಂದೆ ಎಂದು ಮಧ್ಯಾಹ್ನವಿಡೀ ತಲೆ ತಿನ್ನುತ್ತಿತ್ತು. ಯಾರೋ ಸಂಜೆ ಪ್ರಿಂಟರ್ ಆರಿಸಿ ಮನೆಗೆ ಹೋದರೆ ಅದಕ್ಕೂ ಟಿಣ್. ನಾವು ಸ್ಪೀಕರಿಗೆ ಕರವಸ್ತ್ರ ಸುತ್ತಿದೆವು. ಅದೂ ಸಾಲದೆ ಕರವಸ್ತ್ರದ ಮೇಲೆ ಹಳೇ ಸ್ವೆಟರ್ ಸುತ್ತಿದೆವು. ಒಂದು ದಿನ ಔಷಧಿ ಗೋದಾಮಿನ ತಣ್ಣನೆ ಕೋಣೆಯ ಪೆಟ್ಟಿಗೆ ನಿಜವಾಗಿಯೂ ಕೆಟ್ಟಿತು. ಆ ಕೆಂಪು ಸಾಲು ಮೂರು ಸಾವಿರ ಕೆಂಪು ಸಾಲುಗಳ ನಡುವೆ ಬಂದು ಹೋಯಿತು. ನಾವು ನಾಲ್ಕು ಜನ ಅದರ ಎದುರಿಗೇ ಕೂತಿದ್ದೆವು, ಯಾರ ಕಣ್ಣಿಗೂ ಬೀಳಲಿಲ್ಲ. ಔಷಧಿಯೆಲ್ಲ ಕಸದ ಪಾಲಾಯಿತು. ಸಾಹೇಬರು ನಾಲ್ವರನ್ನೂ ಸಾಲಾಗಿ ನಿಲ್ಲಿಸಿ ಮುಖಕ್ಕೆ ಮಂಗಳಾರತಿ ಮಾಡಿದರು. ಮುಂದಿನ ತಿಂಗಳು ಜರಡಿಯಣ್ಣ ಬಂದರು.

ಸಣಕಲು ಆಳು. ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಒಂದು ಬರೆಯುತ್ತಿತ್ತು, ಇನ್ನೊಂದು ಯಾರಾದರೂ ಪೆನ್ನು ಕೇಳಿದರೆ ಕೊಡುವುದಕ್ಕೆ ಇಟ್ಟುಕೊಂಡ ಬರೆಯದ ಪೆನ್ನು. ಮೊದಲ ದಿನ ಒಳಗೆ ಬಂದವರೇ ಸ್ಪೀಕರನ್ನು ನೋಡಿದರು.

"ಇದಕ್ಕೆ ಚಳೀನಾ?"

 ಸ್ವೆಟರ್ ಬಿಚ್ಚಿ, ಕರವಸ್ತ್ರ ಬಿಚ್ಚಿ, ನೀಟಾಗಿ ಮಡಿಸಿ ನನ್ನ ಮೇಜಿನ ಮೇಲಿಟ್ಟರು. "ಅದು ಜಾಸ್ತಿ ಮಾತಾಡುತ್ತೆ ಅಂತ ಅದರ ಬಾಯಿಗೆ ಬಟ್ಟೆ ತುರುಕಿದ್ರೆ ಆಗಲ್ಲಮ್ಮ. ಯಾಕೆ ಜಾಸ್ತಿ ಮಾತಾಡುತ್ತೆ ಅಂತ ಮೊದಲು ಹೋಗಿ ಕೇಳ್ಬೇಕು." ಬಂದ ಅರ್ಧ ಗಂಟೆಯಲ್ಲೇ ಉಪದೇಶ. ನನಗೆ ಮೈ ಉರಿಯಿತು.

ಆದರೆ ಮಾತಿಗೆ ತಕ್ಕ ಹಾಗೆ ಹೋದರು, ಕೇಳಿದರು. ಎಂಟು ತಿಂಗಳು ಕುರ್ಚಿಗೆ ಬೆನ್ನು ಕೊಡದೆ ಆರುನೂರು ಪೆಟ್ಟಿಗೆಗಳನ್ನೂ ಕಣ್ಣಾರೆ ನೋಡಿ ಬಂದರು. ಒಂದು ಕ್ಲಿನಿಕ್ಕಿನ ಪೆಟ್ಟಿಗೆ ದಿನಾ ಹತ್ತೂಕಾಲಿಗೆ ಸಾಯುತ್ತಿತ್ತು, ಆರು ನಿಮಿಷದಲ್ಲಿ ಬದುಕುತ್ತಿತ್ತು. ನಾನಾಗಿದ್ದರೆ ಹತ್ತೂಕಾಲಿನ ಅಲರ್ಟನ್ನು ಮುಚ್ಚಿಬಿಡುತ್ತಿದ್ದೆ. ಇವರು ಬೆಳಿಗ್ಗೆ ಎಂಟಕ್ಕೇ ಹೋಗಿ ರೋಗಿಗಳ ಬೆಂಚಿನ ಮೇಲೆ ಕೂತರು. ಹತ್ತೂಕಾಲಿಗೆ ನೆಲ ಒರೆಸುವ ಹೆಂಗಸು ಬಂದು ಪೆಟ್ಟಿಗೆಯ ಪ್ಲಗ್ ಕಿತ್ತು, ಅಲ್ಲಿಗೆ ತನ್ನ ನೀರು ಕಾಯಿಸುವ ಕೆಟಲ್ಲನ್ನು ಸಿಕ್ಕಿಸಿದಳು. ಜರಡಿಯಣ್ಣ ಅವಳನ್ನು ಬೈಯಲಿಲ್ಲ, ಅವಳ ಜೊತೆ ಒಂದು ಲೋಟ ಟೀ ಕುಡಿದು, ಹೊರಗೆ ಹೋಗಿ ಒಂದು ಎಕ್ಸ್‌ಟೆನ್ಶನ್ ಬೋರ್ಡ್ ತಂದು ಕೊಟ್ಟು ಬಂದರು. ಕಾರಣ ಗೊತ್ತಾಗದೆ ಯಾವುದರ ಬಾಯನ್ನೂ ಮುಚ್ಚುವ ಹಾಗಿಲ್ಲ ಎನ್ನುವುದು ಅವರ ನಿಯಮ. ಅದನ್ನು ಅವರು ಎಂದೂ ಮೀರಿದ್ದನ್ನು ನಾನು ನೋಡಿಲ್ಲ.

ಹಾಗೆ ಸುತ್ತಿ ಸುತ್ತಿ ಅವರು ಒಂದು ವಂಶವೃಕ್ಷ ಬರೆದರು. ಯಾವ ಪೆಟ್ಟಿಗೆ ಯಾವುದಕ್ಕೆ ಜೋಡಿಸಿಕೊಂಡಿದೆ, ಯಾವುದು ಅಪ್ಪ, ಯಾವುವು ಮಕ್ಕಳು, ಮೊಮ್ಮಕ್ಕಳು. ಅದನ್ನು ಕಂಪ್ಯೂಟರಿಗೂ ಹೇಳಿಕೊಟ್ಟರು. ಅಪ್ಪ ಬಿದ್ದರೆ ಒಂದೇ ಒಂದು ಟಿಣ್, ಮಕ್ಕಳು ಸುಮ್ಮನಿರಬೇಕು, ಯಾಕೆಂದರೆ ಅವು ಬಿದ್ದಿಲ್ಲ, ಅಪ್ಪ ಬಿದ್ದದ್ದರಿಂದ ನಮಗೆ ಕಾಣುತ್ತಿಲ್ಲ ಅಷ್ಟೇ. ರಿಪೇರಿಗೆಂದು ಅಪ್ಪನನ್ನು ನಾವೇ ನಿಲ್ಲಿಸಿದಾಗ ಅಪ್ಪನೂ ಸುಮ್ಮನೆ, ಮಕ್ಕಳೂ ಸುಮ್ಮನೆ. ಎಂಟು ಸಾವಿರ ಇದ್ದದ್ದು ನಲವತ್ತಕ್ಕೆ ಇಳಿಯಿತು. ನಲವತ್ತರಲ್ಲಿ ನಲವತ್ತೂ ನಿಜ. ಟಿಣ್ ಅಂದರೆ ನಾವು ಎದ್ದು ನಿಲ್ಲುತ್ತಿದ್ದೆವು. ಸಾಹೇಬರು ಖುಷಿಯಾಗಿ ಅವರಿಗೆ ಹೊಸ ಕುರ್ಚಿ ಕೊಡಿಸಿದರು, ಹಿಂದಕ್ಕೆ ಒರಗಿದರೆ ಮಲಗುವ ಹಾಗೆ ಬಾಗುವಂಥದ್ದು. ಅವರು ಅದರ ತುದಿಯಲ್ಲಿ ಕೂರುತ್ತಿದ್ದರು.

ಆ ಮರಕ್ಕೆ ಬೇರೆ ಯಾರೂ ಕೈ ಹಾಕುವ ಹಾಗಿರಲಿಲ್ಲ. ಬದಲಾವಣೆ ಏನಿದ್ದರೂ ಅವರೇ ಮಾಡಬೇಕು. ನಾನೊಮ್ಮೆ ಒಂದು ಪ್ರಿಂಟರನ್ನು ಅದರ ಹೊಸ ಅಪ್ಪನ ಕೆಳಗೆ ಸರಿಸಿದ್ದೆ, ಸರಿಯಾಗಿಯೇ ಸರಿಸಿದ್ದೆ. ಅವರು ಸಾಹೇಬರ ಎದುರಿಗೇ ನನ್ನ ಮೇಲೆ ಹರಿಹಾಯ್ದರು.

"ನನ್ನ ಮರಕ್ಕೆ ಕೈ ಹಾಕ್ಬೇಡ ಅಂತ ಎಷ್ಟು ಸಲ ಹೇಳ್ಬೇಕು ನಿನಗೆ? ಕಣ್ಣಲ್ಲಿ ನೋಡದೆ ಬರೆಯೋ ಅಭ್ಯಾಸ ಇಟ್ಕೋಬೇಡ."

"ನೋಡೇ ಬರೆದಿದ್ದು ಅಣ್ಣ."

"ನಾನು ನೋಡಿಲ್ವಲ್ಲ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಆಗಲೂ ಇತ್ತು, ಈಗಲೂ ಇದೆ. ಇನ್ನು ಸತ್ತರೂ ಇವರ ಮರದ ಸುದ್ದಿಗೆ ಹೋಗುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿಕೊಂಡೆ.

ಅದರ ಮಾರನೇ ದಿನವೇ ಮೆಟ್ಟಿಲ ಮೇಲೆ ತಂತಿ ಮಾಮ ಸಿಕ್ಕಿದರು. ಕೇಬಲ್ ಎಳೆಯುವವರು, ಹೆಗಲ ಮೇಲೆ ಯಾವಾಗಲೂ ತಂತಿಯ ಸುರುಳಿ, ಅದನ್ನಿಳಿಸಿದರೆ ಒಂದು ಕಡೆಗೆ ವಾಲುತ್ತಾರೆ ಎಂದು ನಾವು ನಗುತ್ತಿದ್ದೆವು. ಜರಡಿಯಣ್ಣನ ಎರಡೂ ಕೈಯಲ್ಲಿ ಟೀ ಲೋಟಗಳಿದ್ದವು, ಒಂದು ಅವರದ್ದು, ಒಂದು ನನ್ನದು. ರಾಜಿಗೆಂದು ಅವರೇ ತರುತ್ತಿದ್ದರು. ನಾನು ಮುಖ ಊದಿಸಿಕೊಂಡು ಎರಡು ಮೆಟ್ಟಿಲು ಹಿಂದೆ ಬರುತ್ತಿದ್ದೆ.

"ಜರಡಿ, ಆಂಬುಲೆನ್ಸಿನವರ ಪೆಟ್ಟಿಗೇನ ಮೂರನೇ ಮಹಡಿಯಿಂದ ಬಿಚ್ಚಿ ಐದನೇ ಮಹಡಿಗೆ ಹಾಕಿದೀನಿ," ಎಂದರು ತಂತಿ ಮಾಮ. "ಮೂರನೇದರ ರಿಪೇರಿ ಬರ್ತಿದೆಯಲ್ಲ, ಅವರಿಗೆ ತೊಂದರೆ ಆಗ್ಬಾರ್ದು ಅಂತ. ಬರ್ಕೋ."

"ಕೈಯಲ್ಲಿ ಟೀ ಇದೆ ಮಾರಾಯ. ಮೇಲೆ ಹೋಗಿ ಬರ್ಕೋತೀನಿ."

ಆಂಬುಲೆನ್ಸ್ ಬೇಕಾದವರು ಕರೆಯುವ ನಂಬರು ಬಂದು ಸೇರುವುದು ಆ ಪೆಟ್ಟಿಗೆಗೆ. ದೊಡ್ಡ ಆಸ್ಪತ್ರೆಯ ಹಿಂದಿನ ಐದು ಮಹಡಿಯ ಕಟ್ಟಡದಲ್ಲಿತ್ತು. ಮೇಲೆ ಹೋಗುವಷ್ಟರಲ್ಲಿ ಸಾಹೇಬರು ಜರಡಿಯಣ್ಣನನ್ನು ಕರೆದರು, ಅಲ್ಲಿಂದ ಇನ್ನೆಲ್ಲಿಗೋ ಹೋದರು. ಸಂಜೆ ಮನೆಗೆ ಹೊರಡುವ ಮುಂಚೆ ನಾನು ಏನೋ ಹುಡುಕುತ್ತಾ ಮರವನ್ನು ತೆರೆದೆ. ಆಂಬುಲೆನ್ಸ್ ಪೆಟ್ಟಿಗೆ ಇನ್ನೂ ಮೂರನೇ ಮಹಡಿಯ ಅಪ್ಪನ ಕೆಳಗೇ ಇತ್ತು. ಬರೆದಿಲ್ಲ ಎಂದು ನೋಡಿದೆ. ಹೇಳಬಹುದಿತ್ತು, ಅವರು ಹತ್ತು ಹೆಜ್ಜೆ ಆಚೆ ಚೀಲಕ್ಕೆ ಊಟದ ಡಬ್ಬಿ ತುಂಬಿಕೊಳ್ಳುತ್ತಿದ್ದರು. ನಿಮ್ಮ ಮರ ನೀವೇ ನೋಡ್ಕೊಳ್ಳಿ ಎಂದುಕೊಂಡು ಕಂಪ್ಯೂಟರ್ ಆರಿಸಿದೆ. ಎರಡು ದಿನದಲ್ಲಿ ಸಿಟ್ಟು ಇಳಿಯಿತು, ಅದರ ಜೊತೆಗೆ ಆ ವಿಷಯವೂ ಮರೆತುಹೋಯಿತು.

ಮೂರು ವಾರದ ನಂತರ, ಒಂದು ಮಂಗಳವಾರ ಮಧ್ಯಾಹ್ನ, ಮೂರನೇ ಮಹಡಿಯ ಪೆಟ್ಟಿಗೆಯ ರಿಪೇರಿ. ಎರಡರಿಂದ ನಾಲ್ಕರವರೆಗೆ. ಜರಡಿಯಣ್ಣ ಅದನ್ನು ಮ್ಯೂಟ್ ಮಾಡಿದರು. ಆಂಬುಲೆನ್ಸ್ ಅಲ್ಲಿಲ್ಲ ಎಂದು ಅವರ ತಲೆಗೆ ಚೆನ್ನಾಗಿ ಗೊತ್ತಿತ್ತು, ಬರೆದಿದ್ದೇನೆ ಎಂದೂ ತಲೆ ನಂಬಿತ್ತು. ಮರದಲ್ಲಿ ಮಾತ್ರ ಅದು ಅಲ್ಲೇ ಇತ್ತು. ಎರಡು ಹನ್ನೆರಡಕ್ಕೆ ಐದನೇ ಮಹಡಿಯಲ್ಲಿ ಆಂಬುಲೆನ್ಸ್ ಪೆಟ್ಟಿಗೆ ತನ್ನ ಪಾಡಿಗೆ ತಾನು ಸುಟ್ಟುಹೋಯಿತು. ರಿಪೇರಿಗೂ ಅದಕ್ಕೂ ಸಂಬಂಧವೇ ಇಲ್ಲ. ಅದು ಓಗೊಡದೆ ಅಲರ್ಟ್ ಎದ್ದಿತು. ಅಪ್ಪ ರಿಪೇರಿಯಲ್ಲಿದ್ದಾನೆ, ನೀನು ಸುಮ್ಮನಿರು ಎಂದಿತು ಕಂಪ್ಯೂಟರಿನೊಳಗಿನ ನಮ್ಮ ಜರಡಿ.

ಕೋಣೆಯಲ್ಲಿ ನಾವಿಬ್ಬರೂ ಇದ್ದೆವು. ಪರದೆಯ ತುಂಬ ಹಸಿರು. ನಾನು ಉಗುರು ಕತ್ತರಿಸಿಕೊಳ್ಳುತ್ತಿದ್ದೆ, ಅವರು ಮಗಳ ಲೆಕ್ಕದ ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದರು. ಎರಡು ಐವತ್ತಕ್ಕೆ ಸ್ವಲ್ಪ ಮುಂಚೆ ಆಂಬುಲೆನ್ಸ್ ಕೇಂದ್ರದಿಂದ ಫೋನ್ ಬಂತು. ಒಬ್ಬ ಡ್ರೈವರಿನ ಹೆಂಡತಿ ತಮಾಷೆಗೆ ಆ ನಂಬರಿಗೆ ಮಾಡಿ, ಹೋಗುತ್ತಿಲ್ಲ ಎಂದು ಗಂಡನಿಗೆ ಹೇಳಿದ್ದಳಂತೆ. ಐದು ನಿಮಿಷದಲ್ಲಿ ಬೇರೆ ಪೆಟ್ಟಿಗೆಗೆ ಬದಲಾಯಿಸಿದೆವು. ಒಟ್ಟು ಮೂವತ್ತೆಂಟು ನಿಮಿಷ.

ಸಂಜೆ ನಾನು ಆ ಜರಡಿ ನುಂಗಿದ ಅಲರ್ಟುಗಳ ಪಟ್ಟಿ ತೆಗೆದೆ. ಆ ಪೆಟ್ಟಿಗೆಯ ಹೆಸರಿನಲ್ಲಿ ಇಪ್ಪತ್ತು ಸೆಕೆಂಡಿಗೊಂದರಂತೆ ನೂರ ಹದಿನಾಲ್ಕು ಸಾಲು. ಎಲ್ಲ ಸಾಲೂ ಒಂದೇ, ಸೆಕೆಂಡು ಮಾತ್ರ ಬೇರೆ. ನೂರ ಹದಿನಾಲ್ಕು ಸಲ ಅದು ನಮ್ಮನ್ನು ಕೂಗಿತ್ತು, ನಾವು ಅದರ ಎದುರಿಗೇ ಕೂತಿದ್ದೆವು. ಜರಡಿಯಣ್ಣ ನನ್ನ ಹಿಂದೆ ನಿಂತು ಅಷ್ಟನ್ನೂ ಬೆರಳಿಟ್ಟು ಓದಿದರು. ಒಂದನ್ನೂ ಬಿಡಲಿಲ್ಲ.

"ಬರೆದಿದ್ದೆ ಅಲ್ವಾ ನಾನು?" ಎಂದು ಕೇಳಿದರು. "ಮೆಟ್ಟಿಲ ಮೇಲೆ ನೀನೂ ಇದ್ದೆ. ಮೇಲೆ ಬಂದು ಬರೆದೆ ಅಲ್ವಾ?"

"ಗೊತ್ತಿಲ್ಲ ಅಣ್ಣ," ಎಂದೆ.

ಮಾರನೇ ದಿನ ಅವರು ಆಂಬುಲೆನ್ಸ್ ಕೇಂದ್ರಕ್ಕೆ ಹೋದರು. ಫೋನ್ ಎತ್ತುವ ಹೆಣ್ಣುಮಕ್ಕಳಲ್ಲಿ ಒಬ್ಬಳು ಹೇಳಿದ್ದನ್ನು ಬಂದು ನನಗೆ ಹೇಳಿದರು, ಅವಳ ಧ್ವನಿಯಲ್ಲೇ. "ನಾವು ಖುಷಿಯಾಗಿದ್ವಿ ಸಾರ್. ಅರ್ಧ ಗಂಟೆ ಯಾರೂ ಫೋನ್ ಮಾಡ್ಲಿಲ್ಲ. ಇವತ್ತು ಊರಲ್ಲಿ ಯಾರಿಗೂ ಏನೂ ಆಗಿಲ್ಲ ಅಂದ್ಕೊಂಡ್ವಿ." ಆ ಮಾತು ಅವರೊಳಗೆ ಹೊಕ್ಕು ಕೂತುಬಿಟ್ಟಿತು. ಊಟದ ನಡುವೆ, ಬಸ್ಸಿಗೆ ಕಾಯುವಾಗ, ಇದ್ದಕ್ಕಿದ್ದಂತೆ ಅದನ್ನೇ ಹೇಳುತ್ತಿದ್ದರು.

ಫೋನ್ ಕಂಪನಿಯವರು ಆ ಹೊತ್ತಿನಲ್ಲಿ ತಲುಪದೆ ಹೋದ ಕರೆಗಳ ಪಟ್ಟಿ ಕಳಿಸಿದರು. ಡ್ರೈವರಿನ ಹೆಂಡತಿಯ ಕರೆ ಬಿಟ್ಟರೆ ಒಂಬತ್ತು ಕರೆ, ನಾಲ್ಕು ನಂಬರು. ಮೂರು ನಂಬರಿನವರು ಒಂದೊಂದು ಸಲ ಮಾಡಿದ್ದರು. ವಿಚಾರಿಸಿದಾಗ ಮೂವರೂ ಆಮೇಲೆ ಬೇರೆ ದಾರಿ ಮಾಡಿಕೊಂಡು ಹುಷಾರಾಗಿದ್ದರು. ನಾಲ್ಕನೇ ನಂಬರಿನಿಂದ ಆರು ಸಲ. ಎರಡು ಇಪ್ಪತ್ತಕ್ಕೆ ಶುರುವಾಗಿ ಎರಡು ಮೂವತ್ತೊಂದಕ್ಕೆ ನಿಂತಿತ್ತು. ಕೇಂದ್ರದವರು ಆ ನಂಬರಿಗೆ ಎರಡು ಸಲ ತಿರುಗಿ ಮಾಡಿದರು, ಯಾರೂ ಎತ್ತಲಿಲ್ಲ. ಅಲ್ಲಿಗೆ ಕಡತ ಮುಚ್ಚಿತು. ಯಾರಿಗೂ ತೊಂದರೆಯಾದ ದಾಖಲೆ ಇಲ್ಲ ಎಂದು ವರದಿಯಲ್ಲಿ ಬರೆದರು. ಮಾತು ನಿಜವೇ, ದಾಖಲೆ ಇರಲಿಲ್ಲ.

"ಕೆದಕ್ಬೇಡಿ," ಎಂದರು ಸಾಹೇಬರು. "ಯಾರೂ ಕೇಳ್ತಿಲ್ಲ. ನೀವಾಗೇ ಹೋಗಿ ಮೈಮೇಲೆ ಎಳ್ಕೋಬೇಡಿ."

ಜರಡಿಯಣ್ಣ ಆ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಅಂಗಿಯ ಜೇಬಿಗೆ ಹಾಕಿಕೊಂಡರು. ಅಂಗಿ ಬದಲಾದಂತೆ ಚೀಟಿಯೂ ಒಂದು ಜೇಬಿನಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಮಾಡಿ ನೋಡಿ ಅಣ್ಣ ಎಂದು ನಾನು ಒಮ್ಮೆ ಹೇಳಿದೆ. "ಮಾಡಿ ಏನಂತ ಕೇಳ್ಲಿ? ಯಾರು ಸತ್ರು ಅಂತ ಕೇಳ್ಲಾ?" ಎಂದರು. ಮಾಡಲಿಲ್ಲ. ಮಾಡಿದರೆ ಗೊತ್ತಾಗಿಬಿಡುತ್ತದೆ ಎನ್ನುವುದೇ ಅವರ ಭಯ. ನನ್ನದೂ ಅದೇ ಭಯ, ಆದ್ದರಿಂದ ಎರಡನೇ ಸಲ ನಾನು ಹೇಳಲಿಲ್ಲ.

ಗಂಟೆ ಹೊಡೆದರೆ ಬೆಚ್ಚುವವರನ್ನು ಎಷ್ಟೋ ನೋಡಿದ್ದೇನೆ. ಹೊಡೆಯದಿದ್ದರೆ ಬೆಚ್ಚುವವರನ್ನು ಇವರೊಬ್ಬರನ್ನೇ ನೋಡಿದ್ದು. ಪರದೆ ಐದು ನಿಮಿಷ ಹಸಿರಾಗಿದ್ದರೆ ಅವರ ಹಣೆ ಬೆವರುತ್ತಿತ್ತು. "ಇವು ನಿಜವಾಗ್ಲೂ ಚೆನ್ನಾಗಿದಾವಾ, ಇಲ್ಲ ನಾನು ಬಾಯಿ ಮುಚ್ಚಿಸಿದೀನಾ?" ಎಂದು ಕೇಳುತ್ತಿದ್ದರು. ನನ್ನನ್ನಲ್ಲ, ಪರದೆಯನ್ನು. ಅವರ ಹೆಂಡತಿ, ನನ್ನ ಬಾಯಲ್ಲಿ ಅತ್ತಿಗೆ, ಒಮ್ಮೆ ಆಫೀಸಿನ ಬಾಗಿಲವರೆಗೆ ಬಂದು ನನ್ನ ಕೈ ಹಿಡಿದುಕೊಂಡು ಅತ್ತರು. ಮನೆಯಲ್ಲಿ ಟಿವಿ, ರೇಡಿಯೋ ಎರಡೂ ಒಟ್ಟಿಗೆ ಹಾಕಿರುತ್ತಾರಂತೆ. ಮಗಳು ಸದ್ದಿಲ್ಲದೆ ಓದುತ್ತಾ ಕೂತರೆ ಹತ್ತು ನಿಮಿಷಕ್ಕೊಮ್ಮೆ ಬಾಗಿಲು ತೆಗೆದು ಇದೀಯಾ ಎಂದು ಕೇಳುತ್ತಾರಂತೆ. "ಅವಳು ಜೋರಾಗಿ ಓದ್ತಾಳೆ ಈಗ. ಪರೀಕ್ಷೆಗಲ್ಲ, ಅಪ್ಪನಿಗೆ," ಎಂದರು ಅತ್ತಿಗೆ.  ಆಗಲಾದರೂ ಹೇಳಬೇಕಿತ್ತು. ಹೇಳಲಿಲ್ಲ.

ನಿದ್ದೆ ಅವರನ್ನು ಬಿಟ್ಟೇಹೋಗಿತ್ತು. ಕಣ್ಣ ಕೆಳಗೆ ಮಸಿ ಬಳಿದ ಹಾಗೆ. ಒಂದು ದಿನ ಬೆಳಿಗ್ಗೆ ಒಂಬತ್ತಕ್ಕೆ ನಾನು ಬಂದಾಗ ಕೋಣೆಯಿಂದ ಮೆಟ್ಟಿಲವರೆಗೆ ಸದ್ದು. ಒಳಗೆ ಹೋದರೆ ಪರದೆ ಪೂರ್ತಿ ಕೆಂಪು, ಟಿಣ್ ಟಿಣ್ ಎಂದು ಸ್ಪೀಕರ್ ಹರಿದುಹೋಗುವ ಹಾಗೆ ಕಿರುಚುತ್ತಿತ್ತು. ಎಂಟು ತಿಂಗಳು ಊರೆಲ್ಲ ನಡೆದು ಕಟ್ಟಿದ ಮರವನ್ನು ಅವರೇ ಅಳಿಸಿಹಾಕಿದ್ದರು. ಪ್ರಿಂಟರು, ಸಡಿಲ ತಂತಿ, ಅಪ್ಪ, ಮಗ, ಮೊಮ್ಮಗ, ಎಲ್ಲಕ್ಕೂ ಬಾಯಿ ಬಿಟ್ಟುಕೊಟ್ಟಿದ್ದರು. ಮತ್ತು ಆ ಗದ್ದಲದ ನಡುವೆ, ಸಾಹೇಬರು ಕೊಡಿಸಿದ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಬಾಯಿ ತೆರೆದುಕೊಂಡು, ಗಾಢವಾಗಿ ನಿದ್ದೆ ಹೋಗಿದ್ದರು. ಅಷ್ಟು ನೆಮ್ಮದಿಯ ಮುಖವನ್ನು ನಾನು ಒಂದು ವರ್ಷದಿಂದ ನೋಡಿರಲಿಲ್ಲ. ಎಬ್ಬಿಸುವುದಕ್ಕೆ ಮನಸ್ಸು ಬರಲಿಲ್ಲ, ಬಾಗಿಲು ಎಳೆದುಕೊಂಡು ಹೊರಗೆ ನಿಂತೆ. ಎಬ್ಬಿಸಿದವರು ಸಾಹೇಬರು.

ಅವರನ್ನು ಕೆಳಗಿನ ಸ್ಟೋರ್ ರೂಮಿಗೆ ಹಾಕಿದರು. ಹಳೇ ಕೇಬಲ್, ಕೆಟ್ಟ ಪೆಟ್ಟಿಗೆಗಳ ಪಟ್ಟಿ ಬರೆಯುವ ಕೆಲಸ. ಮರವನ್ನು ಮತ್ತೆ ಕಟ್ಟುವುದು ನನ್ನ ಪಾಲಿಗೆ ಬಂತು. ಆರುನೂರು ಪೆಟ್ಟಿಗೆಗಳನ್ನೂ ನಾನೇ ಹೋಗಿ ನೋಡಿದೆ, ತಂತಿ ಮಾಮನ ಮಾತನ್ನೂ ನಂಬಲಿಲ್ಲ. ಮೂರು ವರ್ಷದ ಹಿಂದೆ ಜರಡಿಯಣ್ಣ ನಿವೃತ್ತಿಗೆ ಮುಂಚೆಯೇ ಕೆಲಸ ಬಿಟ್ಟರು. ಬೀಳ್ಕೊಡುಗೆಯ ದಿನ ಬರೆಯದ ಪೆನ್ನನ್ನು ನನಗೆ ಕೊಟ್ಟು ನಕ್ಕರು. ಆಮೇಲೆ ನಾನು ಅವರ ಮನೆಯ ಕಡೆ ತಲೆ ಹಾಕಲಿಲ್ಲ. ಕೆಲಸ ಜಾಸ್ತಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಈ ವರ್ಷ ಡಾಕ್ಟರು ನನ್ನ ಎದೆಯ ಫೋಟೋ ತೆಗೆದು, ಹೃದಯ ಸ್ವಲ್ಪ ದೊಡ್ಡದಾಗಿದೆ ಎಂದರು. ಅಂಥದ್ದೇನೂ ಅಲ್ಲವಂತೆ, ಮಾತ್ರೆ ನುಂಗಿದರೆ ಸಾಕಂತೆ. ಆದರೆ ಆ ಕಪ್ಪು ಹಾಳೆ ಹಿಡಿದುಕೊಂಡು ಬಸ್ಸಿನಲ್ಲಿ ಕೂತಾಗ ನನಗೆ ಅತ್ತಿಗೆ, ಮಗಳು, ಸ್ಟೋರ್ ರೂಮು ಎಲ್ಲ ಕಣ್ಣ ಮುಂದೆ ಬಂತು. ಬರೆದಿಲ್ಲ ಎಂದು ಅಂದೇ ನಾನು ನೋಡಿದ್ದೆ ಎನ್ನುವ ಒಂದು ಮಾತಿನಿಂದ ಅವರ ಭಾರ ಅರ್ಧ ಇಳಿಯುತ್ತಿತ್ತು. ಆರು ವರ್ಷ ಆ ಮಾತನ್ನು ನಾನು ನುಂಗಿಕೊಂಡು ಕೂತಿದ್ದೆ. ಸಾಯುವ ಮುಂಚೆ ಕಕ್ಕಿಬಿಡೋಣ ಎಂದು ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದೆ.

ಬೀಗದ ಕೈ ಮಾಡುವ ಅಂಗಡಿಯ ಮೇಲಿನ ಮನೆ. ಮೆಟ್ಟಿಲು ಹತ್ತುವಾಗ ಟಿವಿಯ ಸದ್ದು ಕೇಳಲಿಲ್ಲ, ರೇಡಿಯೋ ಕೇಳಲಿಲ್ಲ. ಉಳಿದ ಮೆಟ್ಟಿಲುಗಳನ್ನು ಬೇಗಬೇಗ ಹತ್ತಿ ಬಾಗಿಲು ತಟ್ಟಿದೆ. ಬಾಗಿಲು ತೆಗೆದವರು ಅವರೇ. ಮೈ ತುಂಬಿಕೊಂಡಿದ್ದರು, ಕೆನ್ನೆಗೆ ಬಣ್ಣ ಬಂದಿತ್ತು. ಮನೆಯೊಳಗೆ ಗಡಿಯಾರ ಬಿಟ್ಟು ಬೇರೆ ಸದ್ದಿಲ್ಲ.

"ಏನೇ ಇದು, ಹೇಳದೆ ಕೇಳದೆ! ಬಾ ಬಾ. ನೋಡೇ, ಯಾರು ಬಂದಿದಾಳೆ ಅಂತ."

ಅತ್ತಿಗೆ ಒಳಗಿನಿಂದ ಬಂದು ನನ್ನನ್ನು ಅಪ್ಪಿಕೊಂಡರು. "ನಿಮ್ಮಣ್ಣ ಈಗ ಏಳು ಗಂಟೆ ಗೊರಕೆ ಹೊಡೀತಾರೆ ಕಣೇ," ಎಂದು ಕಿವಿಯಲ್ಲಿ ಹೇಳಿ ಟೀ ಮಾಡಲು ಹೋದರು. ನಾನು ಕುರ್ಚಿಯ ತುದಿಯಲ್ಲಿ ಕೂತೆ. 

"ಅಣ್ಣ, ಆ ಮಂಗಳವಾರದ ವಿಷಯ..."

"ಅಯ್ಯೋ, ನಿನಗೆ ಹೇಳೇ ಇಲ್ಲ ಅಲ್ವಾ!" ಅವರು ಮುಂದಕ್ಕೆ ಬಾಗಿದರು. ಮುಖ ಹೊಳೆಯುತ್ತಿತ್ತು. "ನಾನು ಫೋನ್ ಮಾಡಿದೆ ಕಣೇ. ಕೆಲಸ ಬಿಟ್ಟ ಮಾರನೇ ದಿನ. ಇನ್ನೇನು ಕಳ್ಕೊಳ್ಳೋದಿದೆ ಅಂತ ಧೈರ್ಯ ಮಾಡಿದೆ. ಒಂದು ಹೆಣ್ಣುಮಗಳು ಎತ್ತಿದ್ಲು. ಏನು ಕೇಳ್ಬೇಕು ಅಂತ ಗೊತ್ತಾಗ್ಲಿಲ್ಲ. ಮನೇಲಿ ಎಲ್ಲ ಹುಷಾರಾ ಅಂತ ಕೇಳ್ದೆ. ಎಲ್ಲ ಹುಷಾರಾಗಿದೀವಿ ಅಂದ್ಲು. ಹಿಂದೆ ಮಗು ನಗ್ತಿತ್ತು."

"ಆಮೇಲೆ?"

"ಆಮೇಲೇನು, ಫೋನಿಟ್ಟೆ. ಅಲ್ಲೇ ನೆಲದ ಮೇಲೆ ಮಲಗಿ ಸಂಜೆವರೆಗೆ ನಿದ್ದೆ ಮಾಡ್ದೆ. ಈಗ ತಿಂಗಳಿಗೊಂದು ಸಲ ಮಾಡ್ತೀನಿ, ಅದೇ ತಾರೀಕಿಗೆ. ಅದನ್ನೇ ಕೇಳ್ತೀನಿ, ಅವಳು ಅದನ್ನೇ ಹೇಳ್ತಾಳೆ. ಬೇರೆ ಏನೂ ಕೇಳಿಲ್ಲ. ಸಾಕು ನನಗೆ."

ನೆಲ ಒರೆಸುವ ಹೆಂಗಸಿನ ಪ್ಲಗ್ಗಿಗಾಗಿ ರೋಗಿಗಳ ಬೆಂಚಿನ ಮೇಲೆ ಎರಡು ಗಂಟೆ ಕಾದು ಕೂತ ಮನುಷ್ಯ ಇವರು. ಮೂರು ವರ್ಷದಲ್ಲಿ ಎರಡನೇ ಪ್ರಶ್ನೆ ಕೇಳಿಲ್ಲ. ಆ ಹೊತ್ತಿಗೆ ನನಗೆ ಅದು ಹೊಳೆಯಲೂ ಇಲ್ಲ. ಹೊಳೆದದ್ದು ಒಂದೇ: ಯಾರೂ ಸತ್ತಿಲ್ಲ. ಎಲ್ಲ ಹುಷಾರಾಗಿದ್ದಾರೆ. ಆರು ವರ್ಷದ ಕಲ್ಲು ಎದೆಯಿಂದ ಜಾರಿದ ಹಾಗಾಗಿ ಗಳಗಳ ಅತ್ತುಬಿಟ್ಟೆ. ಅವರು ನನ್ನ ತಲೆ ಸವರಿದರು. ತಮ್ಮ ಸಲುವಾಗಿ ಅಳುತ್ತಿದ್ದೇನೆ ಎಂದುಕೊಂಡಿರಬೇಕು. ಇನ್ನು ಹೇಳಿ ಆಗಬೇಕಾದ್ದೇನಿದೆ ಎಂದು ನಾನು ಬಾಯಿ ಮುಚ್ಚಿಕೊಂಡು ಟೀ ಕುಡಿದೆ. ಹೊರಡುವಾಗ, ಆ ನಂಬರ್ ಕೊಡಿ ಅಣ್ಣ ಎಂದೆ. ಅವರಿಗೆ ಚೀಟಿ ಬೇಕಾಗಲಿಲ್ಲ, ಬಾಯಿಪಾಠ ಹೇಳಿದರು.

ನನಗೂ ಆ ಮಾತನ್ನು ನನ್ನ ಕಿವಿಯಿಂದ ಕೇಳುವ ಆಸೆಯಾಯಿತು, ಅಷ್ಟೇ. ಮಾರನೇ ದಿನ ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಆಫೀಸಿನ ಹಿಂದಿನ ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ನಿಂತು ಮಾಡಿದೆ. ಎಳೇ ಧ್ವನಿಯ ಹೆಣ್ಣುಮಗಳು ಎತ್ತಿದಳು. ಹಿಂದೆ ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು. ಜರಡಿಯಣ್ಣ ಕಲಿಸಿದ ಅಭ್ಯಾಸ ನನಗೆ, ಕಾರಣ ಕೇಳದೆ ಬಿಡುವವಳಲ್ಲ. ಆರು ವರ್ಷದ ಹಿಂದೆ ಒಂದು ಮಂಗಳವಾರ ಈ ನಂಬರಿನಿಂದ ಆಂಬುಲೆನ್ಸಿಗೆ ಮಾಡಿದ್ದಿರಲ್ಲ, ಯಾರಿಗೆ ಹುಷಾರಿರಲಿಲ್ಲ, ಈಗ ಹೇಗಿದ್ದಾರೆ ಎಂದು ಕೇಳಿದೆ.

"ಆರು ವರ್ಷ? ನಾವಲ್ಲ ಅಕ್ಕ. ಈ ಸಿಮ್ಮು ನಾನು ತಗೊಂಡಿದ್ದು ಮಗಳು ಹುಟ್ಟಿದ ತಿಂಗಳಲ್ಲಿ. ಅವಳಿಗೀಗ ಮೂರೂವರೆ."

"ನಿಮಗೆ ಮುಂಚೆ ಈ ನಂಬರ್ ಯಾರದ್ದಿತ್ತು?"

"ಅದು ನಮಗೆ ಹೆಂಗೆ ಗೊತ್ತಾಗುತ್ತೆ? ಉಪಯೋಗಿಸದೆ ಬಿಟ್ಟಿರೋ ನಂಬರ್ ನಮಗೆ ಕೊಡ್ತಾರಂತೆ, ಅಂಗಡಿಯವನು ಹೇಳ್ದ."

 ಮೊದಮೊದಲು ಆ ಚೀಟಿ ಜೇಬಿನಿಂದ ಜೇಬಿಗೆ ಹೋಗುತ್ತಿದ್ದಾಗ ಆ ಕಡೆ ನಿಜವಾದವರು ಇದ್ದರು, ಅಥವಾ ಅವರ ಮನೆಯವರಾದರೂ ಇದ್ದರು. ಈಗ ಯಾರೂ ಇಲ್ಲ.

"ತಿಂಗಳಿಗೊಂದ್ಸಲ ಒಬ್ರು ಮಾಡ್ತಾರೆ ಅಕ್ಕ, ವಯಸ್ಸಾದವರು," ಎಂದಳು ಅವಳು. "ಮನೇಲಿ ಎಲ್ಲ ಹುಷಾರಾ ಅಂತ ಕೇಳ್ತಾರೆ. ಮೊದಲು ಹೆದರ್ಕೆ ಆಗ್ತಿತ್ತು. ಆಮೇಲೆ ಪಾಪ ಅನ್ನಿಸ್ತು. ನಮ್ಮ ಮನೇಲಿ ಹಂಗೆ ಕೇಳೋರೂ ಯಾರಿಲ್ಲ. ನಿಮ್ಮವರಾ?"

"ನಮ್ಮಣ್ಣ."

"ನಾನು ಬೇರೆಯವಳು ಅಂತ ಅವರಿಗೆ ಹೇಳ್ಬಿಡ್ಲಾ? ಮುಂದಿನ ಸಲ ಮಾಡಿದ್ರೆ?"

ಹೇಳು ಎನ್ನುವುದೇ ಸರಿ. ಜರಡಿಯಣ್ಣನನ್ನೇ ಕೇಳಿದ್ದರೆ ಹೇಳು ಎನ್ನುತ್ತಿದ್ದರು, ಅದೂ ನನಗೆ ಗೊತ್ತು. ಏಳು ಗಂಟೆ ಗೊರಕೆ ಹೊಡೆಯುತ್ತಾರೆ ಎಂದು ಅತ್ತಿಗೆ ನಗುತ್ತಾ ಹೇಳಿದ್ದು ನೆನಪಾಯಿತು.

"ಬೇಡಮ್ಮ," ಎಂದೆ. "ಇಷ್ಟು ದಿನ ಏನು ಹೇಳ್ತಿದ್ಯೋ ಅದನ್ನೇ ಹೇಳು."

"ಸುಳ್ಳೇನಲ್ಲ ಬಿಡಿ, ಹುಷಾರಾಗೇ ಇದೀವಿ. ನೀವ್ಯಾಕೆ ಮಾಡಿದ್ರಿ ಅಕ್ಕ?"

"ನಾನೂ ಅದನ್ನೇ ಕೇಳೋಕೆ ಮಾಡಿದ್ದು."

 ಅವಳು ಕಾಯಿಲೆಯವರ ಹತ್ತಿರ ಮಾತಾಡುವ ಹಾಗೆ ಮೆಲ್ಲಗೆ, "ಎಲ್ಲ ಹುಷಾರಾಗಿದೀವಿ ಅಕ್ಕ," ಎಂದಳು.

ಜರಡಿಯಣ್ಣನಿಗೆ ಮೂರು ವರ್ಷದಿಂದ ನಿದ್ದೆ ಕೊಡುತ್ತಿರುವ ಮಾತು ಅದೇ. ನಾನು ಆಯ್ತಮ್ಮ ಎಂದು ಫೋನಿಟ್ಟೆ. ಆ ಮಧ್ಯಾಹ್ನ ಆರು ಸಲ ಕರೆದವರು ಯಾರು, ಏನಾದರು ಎಂದು ಕೇಳುವವರು ಇನ್ನು ಮೇಲೆ ಲೋಕದಲ್ಲಿ ನಾನೊಬ್ಬಳೇ.